ಮೊಳೆಬಾಯಿಯ ಮೊಮ್ಮಗಳು

ನಾನು ಚಿತ್ರಗಳಿಗೆ ಕಟ್ಟು ಹಾಕುವವಳು. ಗಾಜು ಕೊಯ್ಯುವುದು, ಮರದ ಪಟ್ಟಿ ಕತ್ತರಿಸುವುದು, ನಾಲ್ಕು ಮೂಲೆ ಕೂಡಿಸುವುದು, ಇಷ್ಟೇ ನನ್ನ ಬದುಕು. ಪಕ್ಕದ್ದು ಸೋಫಾ, ಕುರ್ಚಿಗಳಿಗೆ ಹೊಸ ಮೆತ್ತೆ ಹಾಕಿ ಬಟ್ಟೆ ಬಿಗಿಯುವ ಅಂಗಡಿ. ಇಬ್ಬರಿಗೂ ನಡುವೆ ಒಂದು ಹಲಗೆಯ ಗೋಡೆ. ಆ ಹಲಗೆಯಲ್ಲಿ ಗಂಟು ಉದುರಿ ಒಂದು ತೂತಾಗಿದೆ. ನಾನು ಇಣುಕುವವಳಲ್ಲ. ಆದರೆ ಆ ತೂತು ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೇ ಇದ್ದರೆ ಅದಕ್ಕೆ ನಾನೇನು ಮಾಡಲಿ ಹೇಳಿ.

ಅಲ್ಲಿ ಕೆಲಸ ಮಾಡುವ ಮನುಷ್ಯನಿಗೆ ಅರವತ್ತೆರಡು ವರ್ಷ. ಬೀದಿಗೆಲ್ಲ ಅವರು ಮೊಳೆಬಾಯಿ. ಬೆಳಿಗ್ಗೆ ಬಾಗಿಲು ತೆಗೆದವರೇ ಡಬ್ಬಿಯಿಂದ ಒಂದು ಹಿಡಿ ಸಣ್ಣ ಮೊಳೆ ತೆಗೆದು, ನಾವು ನೀವು ಹುರಿಗಡಲೆ ಹಾಕಿಕೊಂಡ ಹಾಗೆ, ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಳಗೆ ನಾಲಿಗೆ ಅದೇನು ಮಾಯ ಮಾಡುತ್ತಿತ್ತೋ, ಒಂದೊಂದೇ ಮೊಳೆ ತಲೆ ಮುಂದಾಗಿ ತುಟಿಗೆ ಬರುತ್ತಿತ್ತು. ಎಡಗೈ ಅದನ್ನು ತೆಗೆದು ಬಟ್ಟೆಯ ಅಂಚಿಗೆ ಇಡಬೇಕು, ಬಲಗೈಯ ಸುತ್ತಿಗೆ ಬೀಳಬೇಕು, ಅಷ್ಟರಲ್ಲಿ ಮುಂದಿನ ಮೊಳೆ ತುಟಿಯಲ್ಲಿ ಹಾಜರು. ಒಂದು ಕುರ್ಚಿಯ ಸುತ್ತ ಮೂವತ್ತೆರಡು ಮೊಳೆ ಹೊಡೆಯಲು ಅವರಿಗೆ ಬೇಕಾಗುತ್ತಿದ್ದುದು ನಾನು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ನಲವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಮೊಳೆ ನುಂಗಿಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ಬಾಯಿ ತುಂಬ ಮೊಳೆ ಇಟ್ಟುಕೊಂಡೇ ಮಾತಾಡುತ್ತಿದ್ದರು, ಜಗಳವಾಡುತ್ತಿದ್ದರು, ನನ್ನನ್ನು ಗಾಜಮ್ಮ ಎಂದು ರೇಗಿಸುತ್ತಿದ್ದರು.

ಅವರ ಹೆಂಡತಿ ಹೋಗಿ ನಾಲ್ಕು ವರ್ಷವಾಗಿತ್ತು. ಆಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಒಂದು ಒಲೆ, ಒಂದು ಹಾಸಿಗೆ ಇಟ್ಟುಕೊಂಡು ಒಬ್ಬರೇ ಇದ್ದರು. ಒಬ್ಬಳೇ ಮಗಳು. ಅವಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಮನೆ ಎರಡು ಬೀದಿ ಆಚೆ. ಅಳಿಯ ದೂರದೂರಿಗೆ ಲಾರಿ ಓಡಿಸುವವನು, ಬಂದರೆ ಬಂದ ಇಲ್ಲದಿದ್ದರೆ ಇಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಇದ್ದಕ್ಕಿದ್ದಂತೆ ಮನೆ ಬದಲಾಯಿಸಿದಳು. ಹಾಗಾಗಿ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಗಳು ತನ್ನ ಒಂದು ವರ್ಷ ಎಂಟು ತಿಂಗಳ ಮಗಳನ್ನು ಸೊಂಟದ ಮೇಲೆ ಹೊತ್ತು ತಂದು ಅಪ್ಪನ ಅಂಗಡಿಯಲ್ಲಿ ಇಳಿಸಿದಳು. ಆ ದಿನ ನನ್ನ ಕೈಯಲ್ಲಿ ಒಂದು ಕಟ್ಟೂ ಮುಗಿಯಲಿಲ್ಲ. ಕಣ್ಣೆಲ್ಲ ತೂತಿನಲ್ಲೇ.

ಇಳಿದದ್ದೇ ಮಗು ನಿಂತಲ್ಲಿಂದ ಒಮ್ಮೆ ಸುತ್ತ ನೋಡಿತು. ಆಮೇಲೆ ಕೆಲಸ ಶುರು. ಮೊದಲು ಸೋಫಾದ ಕಾಲು ನೆಕ್ಕಿತು. ಹುಬ್ಬು ಗಂಟಿಕ್ಕಿ ಯೋಚಿಸಿ, ಇನ್ನೊಂದು ಕಾಲೂ ಹಾಗೇ ಇದೆಯೋ ಎಂದು ಹೋಗಿ ಅದನ್ನೂ ನೆಕ್ಕಿತು. ರೆಕ್ಸಿನ್ ಸುರುಳಿ ನೆಕ್ಕಿತು. ಫೋಮಿನ ತುಂಡು ಕಚ್ಚಿ ಉಗುಳಿತು. ಅಳತೆ ಪಟ್ಟಿಯನ್ನು ಒಂದರಿಂದ ಹದಿನೆಂಟು ಇಂಚಿನವರೆಗೂ ಬಿಡದೆ ನೆಕ್ಕಿತು. ಮೊಳೆಬಾಯಿ ಒಂದನ್ನು ಬಾಯಿಂದ ಕಿತ್ತುಕೊಳ್ಳುವಷ್ಟರಲ್ಲಿ ಇನ್ನೊಂದು ಒಳಗೆ. ಮಧ್ಯಾಹ್ನ ನನ್ನ ಅಂಗಡಿಗೆ ನುಗ್ಗಿ ಗಾಜಿನ ಬಾಗಿಲಿಗೆ ನಾಲಿಗೆ ಒತ್ತಿ, ತಣ್ಣಗಿದ್ದದ್ದು ಕಂಡು ಕೇಕೆ ಹಾಕಿತು. ನಿಜ ಹೇಳುತ್ತೇನೆ, ನನಗೆ ಆ ಕ್ಷಣಕ್ಕೇ ಅವಳು ಹಿಡಿಸಿಬಿಟ್ಟಳು. ಇಡೀ ಬೀದಿಯ ಸರಕನ್ನು ತಪಾಸಣೆ ಮಾಡಿ ಪಾಸು ಮಾಡಲು ಬಂದವಳ ಹಾಗಿದ್ದಳು. ನಾನೇ ಇನ್‌ಸ್ಪೆಕ್ಟರಮ್ಮ ಎಂದು ಹೆಸರಿಟ್ಟೆ.

ಇದು ನಮಗೆ ತಮಾಷೆ. ಅವಳ ತಾಯಿಗಲ್ಲ. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ನೋಡುವವಳಿಗೆ ಸಂಜೆ ಬಂದು ಮಗಳು ಸ್ಕೂಟರಿನ ಚಕ್ರ ನೆಕ್ಕುವುದನ್ನು ಕಂಡರೆ ಏನಾಗಬೇಡ. ಮೂರನೆಯ ದಿನ ಅವಳು ಅಪ್ಪನ ಮುಂದೆ ನಿಂತು, ಏರುದನಿಯಿಲ್ಲದೆ, ಒಂದೊಂದೇ ಮಾತು ಇಟ್ಟಳು.

“ಅಪ್ಪ, ಸೇತುವೆ ಆಚೆ ಶಿಶುವಿಹಾರದಲ್ಲಿ ಒಂದು ಜಾಗ ಖಾಲಿ ಆಗಿದೆ. ಹದಿನೈದು ದಿನ ಹಿಡಿದಿಟ್ಟಿರ್ತೀವಿ ಅಂದಿದಾರೆ. ಅಷ್ಟರಲ್ಲಿ ಇವಳ ಬಾಯಿ ಹತೋಟಿಗೆ ಬಂದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೂ ಅಲ್ಲಿಗೆ ಹೋಗ್ಲಿ. ಇದು ಸೂಜಿ, ಮೊಳೆ, ಕತ್ತರಿ ಇರೋ ಜಾಗ.”

“ಅಷ್ಟೇ ತಾನೇ? ನಿನ್ನನ್ನ ಬೆಳೆಸಿದೋನು ನಾನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಈಗ್ಲೇ ಬಗ್ಗಿಸ್ತೀನಿ,” ಎಂದರು ಮೊಳೆಬಾಯಿ, ಕೆನ್ನೆಯಲ್ಲಿ ಹತ್ತು ಮೊಳೆ ಇಟ್ಟುಕೊಂಡು.

ಮಗಳು ಹೋದ ಮೇಲೆ ನನ್ನ ಬಾಗಿಲಿಗೆ ಬಂದು ನಿಂತರು. ಮುಖ ಬಾಡಿತ್ತು. “ಗಾಜಮ್ಮ, ಈ ಮೂರು ದಿನದಲ್ಲಿ ನಾನು ಆಡಿದಷ್ಟು ಮಾತು ಈ ನಾಲ್ಕು ವರ್ಷದಲ್ಲಿ ಆಡಿಲ್ಲ. ಇವಳು ಹೋದ್ರೆ ನಾನು ಮತ್ತೆ ಸುತ್ತಿಗೆ ಜೊತೇನೇ ಮಾತಾಡ್ಬೇಕು,” ಎಂದರು. ನಾನು ಪಕ್ಕದಲ್ಲೇ ಇದ್ದೇನಲ್ಲ, ನನ್ನ ಜೊತೆ ಆಡಿದ್ದು ಮಾತಲ್ಲವೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಹದಿನೈದು ದಿನದ ಯುದ್ಧ ಹೀಗೆ ಆರಂಭವಾಯಿತು. ಮೊದಲ ಅಸ್ತ್ರ ಗದರಿಕೆ. ಮೊಳೆಬಾಯಿ “ಏಯ್” ಎಂದು ಅಬ್ಬರಿಸಿದರೆ ಇನ್‌ಸ್ಪೆಕ್ಟರಮ್ಮ ಬೆಚ್ಚಿಬೀಳುವ ಬದಲು ಅವರಿಗಿಂತ ಜೋರಾಗಿ “ಏಯ್” ಎನ್ನುವಳು, ಮತ್ತೆ ನೆಕ್ಕಿ ಅವರ ಮುಖ ನೋಡುವಳು, ಇನ್ನೊಮ್ಮೆ ಕೂಗಲಿ ಎಂದು. ಎರಡನೆಯ ಅಸ್ತ್ರ ಕಹಿ. ಉಗುರು ಕಚ್ಚುವ ಮಕ್ಕಳಿಗೆ ಹಚ್ಚುವ ಒಂದು ಔಷಧಿಯನ್ನು ತಂದು, ಮಗುವಿನ ಎತ್ತರಕ್ಕೆ ಎಟುಕುವ ಪ್ರತಿ ವಸ್ತುವಿಗೂ ಸಂಜೆ ಕೂತು ಬಳಿದರು. ಸೋಫಾದ ಕಾಲು, ಮೇಜಿನ ಅಂಚು, ಕೆಳಗಿನ ಖಾನೆಯ ಡಬ್ಬಿಗಳು, ಒಂದನ್ನೂ ಬಿಡಲಿಲ್ಲ. ಬೆಳಿಗ್ಗೆ ಎದ್ದು ಮಾಮೂಲಿನಂತೆ ಡಬ್ಬಿಯೊಳಗೆ ಕೈಹಾಕಿ, ಕೈಗೆಲ್ಲ ಕಹಿ ಮೆತ್ತಿಸಿಕೊಂಡು, ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡರು.

ಆಮೇಲೆ ಆದದ್ದನ್ನು ನಾನು ತೂತಿನಿಂದ ಕಣ್ಣಾರೆ ನೋಡಿದೆ. ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಮೊಳೆಗಳನ್ನೆಲ್ಲ ಕೈಗೆ ಉಗುಳಿ, ನಲ್ಲಿಗೆ ಓಡಿ, ಬಾಯಿ ತೊಳೆದು, ಮತ್ತೆ ತೊಳೆದು, ನಾಲಿಗೆ ಹೊರಗೆ ಹಾಕಿ ಬಟ್ಟೆಯಿಂದ ಉಜ್ಜಿಕೊಂಡು ಕುಣಿದಾಡಿದರು. ಆಗ ತಾನೇ ಬಂದಿದ್ದ ಇನ್‌ಸ್ಪೆಕ್ಟರಮ್ಮ ನಕ್ಕೂ ನಕ್ಕೂ ನೆಲದ ಮೇಲೆ ಕೂತುಬಿಟ್ಟಳು. ಮೇಜಿನ ಅಂಚು ಒಮ್ಮೆ ನೆಕ್ಕಿ ತಾನೂ ಮುಖ ಹಿಂಡಿ, ನಾಲಿಗೆ ಉಜ್ಜಿಕೊಂಡು, ತಾತನ ಹಾಗೇ ಕುಣಿದಳು. ಆ ದಿನವೆಲ್ಲ ಕಹಿ ಹಚ್ಚಿದ ಜಾಗಗಳನ್ನೇ ಹುಡುಕಿ ಹುಡುಕಿ ನೆಕ್ಕಿದಳು. ಹೊಟ್ಟೆ ಹುಣ್ಣಾಗುವಂತೆ ನಕ್ಕ ನಾನು ಕೊಯ್ಯುತ್ತಿದ್ದ ಗಾಜನ್ನು ಅಡ್ಡಾದಿಡ್ಡಿ ಕೊಯ್ದು ಹಾಳು ಮಾಡಿದೆ. ಆದರೆ ಆ ನಗುವಿನಲ್ಲಿ, ಮಗು ಯಾರನ್ನು ನೋಡಿ ಏನು ಮಾಡುತ್ತಿದೆ ಎಂಬುದು ನನ್ನ ಮಂಡೆಗೂ ಹೊಳೆಯಲಿಲ್ಲ.

ಐದನೆಯ ದಿನ ಮಕ್ಕಳ ಡಾಕ್ಟರ ಬಳಿ ಹೋದೆವು. ತಾತ ಸ್ಕೂಟರ್ ಓಡಿಸಿದರು, ಹಿಂದೆ ಮಗುವನ್ನು ಹಿಡಿದು ಕೂರಲು ನಾನು ಬೇಕಾಗಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು. ಇನ್‌ಸ್ಪೆಕ್ಟರಮ್ಮ ಅವರ ಸ್ಟೆತಸ್ಕೋಪಿನ ತುದಿ ನೆಕ್ಕಿದಳು. ಡಾಕ್ಟರು ಏನೂ ಅನ್ನದೆ, ನಗದೆ, ಅದನ್ನು ಮೆಲ್ಲಗೆ ಬಿಡಿಸಿ, ಖಾನೆಯಿಂದ ಒಂದು ರಬ್ಬರ್ ಬಳೆ ತೆಗೆದು ಕೈಗೆ ಕೊಟ್ಟರು. ಅವಳು ಅದನ್ನು ಕಡಿಯುತ್ತ ಕೂತಳು.

“ನೋಡಿದ್ರಾ, ಇಷ್ಟೇ,” ಎಂದರು ಡಾಕ್ಟರು. “ಈ ವಯಸ್ಸಿಗೆ ಬಾಯೇ ಮೂರನೇ ಕೈ. ಯಾವುದು ಮೆತ್ತಗೆ, ಯಾವುದು ತಣ್ಣಗೆ ಅಂತ ಹಾಗೇ ತಿಳ್ಕೋತಾರೆ. ತಾನಾಗೇ ಕಡಿಮೆ ಆಗುತ್ತೆ. ಕೂಗಾಡಿದ್ರೂ ಆಟ, ನಕ್ಕರೂ ಆಟ. ಸದ್ದಿಲ್ದೆ ತೆಗೀರಿ, ಬದಲಿಗೆ ಬಾಯಿಗೆ ಹಾಕ್ಬಹುದಾದ್ದನ್ನ ಕೊಡಿ. ಚೂಪಾದ್ದು, ನುಂಗೋವಷ್ಟು ಸಣ್ಣದ್ದು ಎಲ್ಲಾ ಮೇಲಿಡಿ. ಕೈ ತೊಳೆಸ್ತಾ ಇರಿ.”

“ಮಾಡ್ತೀನಿ ಡಾಕ್ಟ್ರೇ, ಇವತ್ತೇ ಮಾಡ್ತೀನಿ.”

“ಇನ್ನೊಂದು. ಮಕ್ಕಳು ದೊಡ್ಡೋರನ್ನ ನೋಡಿ ಕಲೀತಾರೆ. ಮನೇಲಿ, ಅಂಗಡೀಲಿ ಯಾರಿಗಾದ್ರೂ ಬಾಯಿಗೆ ಏನಾದ್ರೂ ಹಾಕ್ಕೊಳೋ ಅಭ್ಯಾಸ ಇದ್ಯಾ? ಪೆನ್ನು ಕಚ್ಚೋದು, ಉಗುರು ಕಡಿಯೋದು?”

“ಛೆ ಛೆ, ನಮ್ಮಲ್ಲಿ ಯಾರಿಗೂ ಇಲ್ಲ,” ಎಂದರು ಮೊಳೆಬಾಯಿ.

ಹಾಗೆನ್ನುವಾಗ ಅವರ ಹಲ್ಲಿಗೆ ಏನೋ ತಾಕಿ ಟಿಕ್ ಎಂದಿತು. ಬೆಳಿಗ್ಗೆ ಕೆಲಸ ಅರ್ಧಕ್ಕೆ ಬಿಟ್ಟು ಬಂದವರ ಕೆನ್ನೆಯಲ್ಲಿ ಒಂದು ಮೊಳೆ ಹಾಗೇ ಉಳಿದಿತ್ತು. ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಅವರ ಲೆಕ್ಕದಲ್ಲಿ ಮೊಳೆ ಬಾಯಿಗೆ ಹಾಕಿಕೊಳ್ಳುವ ವಸ್ತುವೇ ಅಲ್ಲ, ಅದು ಇರುವ ಜಾಗವೇ ಬಾಯಿ. ನನಗೆ ಸದ್ದು ಕೇಳಿಸಿತು, ಅರ್ಥವೂ ಆಯಿತು. ಆದರೂ ನಾನು ತುಟಿ ಬಿಚ್ಚಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿ ನಗು ತಡೆದುಕೊಂಡೆ ಅಷ್ಟೇ. ಊರಿನವರ ತಪ್ಪನ್ನೆಲ್ಲ ಎತ್ತಿ ಆಡುವ ನನ್ನ ನಾಲಿಗೆ ಬೇಕಾದಾಗ ಸತ್ತು ಹೋಗಿತ್ತು. ಇವತ್ತಿಗೂ ನನಗೆ ಅದೊಂದು ಚುಚ್ಚುತ್ತದೆ.

ಡಾಕ್ಟರ ಮಾತನ್ನು ಮೊಳೆಬಾಯಿ ಅಕ್ಷರಶಃ ಪಾಲಿಸಿದರು. ಡಬ್ಬಿ, ಕತ್ತರಿ, ಸೂಜಿ ಎಲ್ಲ ಮೇಲಿನ ಖಾನೆಗೆ ಹೋದವು. ಕೆಳಗೆ ಮರದ ಚಮಚ, ತೊಳೆದ ಬಟ್ಟೆಯ ಉಂಡೆ, ರಬ್ಬರ್ ಬಳೆ. ಮಗು ಸ್ಕ್ರೂಡ್ರೈವರ್ ಹಿಡಿದರೆ ಸದ್ದಿಲ್ಲದೆ ಅದು ಹೋಗಿ ಚಮಚ ಬರುತ್ತಿತ್ತು. ನನ್ನ ಗಾಜಿನ ಬಾಗಿಲಿನ ಕೆಳ ಅರ್ಧವನ್ನು ನಾನು ದಿನಕ್ಕೆರಡು ಸಲ ತೊಳೆಯತೊಡಗಿದೆ. ಹತ್ತನೆಯ ದಿನದ ಹೊತ್ತಿಗೆ ಗೆಲ್ಲುತ್ತಿದ್ದೇವೆ ಎನಿಸಿತು. ಅವಳೇ ಚಮಚ ಹುಡುಕಿಕೊಂಡು ಬರುತ್ತಿದ್ದಳು. ಮಗಳು ಕೂಡ ಒಂದು ಸಂಜೆ ನಕ್ಕು, “ಪರವಾಗಿಲ್ಲ ಅಪ್ಪ,” ಎಂದು ಹೋದಳು. ಆ ಒಂದು ಮಾತಿಗೆ ಮುದುಕರು ಹಿರಿ ಹಿರಿ ಹಿಗ್ಗಿದ್ದನ್ನು ನೀವು ನೋಡಬೇಕಿತ್ತು.

ಅದೇ ವಾರ ಒಂದು ಸಭಾಂಗಣದ ನೂರಿಪ್ಪತ್ತು ಕುರ್ಚಿಗಳ ಕೆಲಸ ಬಂತು. ಹಳೆಯ ಬಟ್ಟೆ ಕಿತ್ತು ಹೊಸದು ಹಾಕಬೇಕು. ಹಳೆಯ ಮೊಳೆ ಕೀಳುವಾಗ ಕೆಲವು ಹಾರಿ ಅಲ್ಲಿ ಇಲ್ಲಿ ಬೀಳುತ್ತವೆ. ಸಂಜೆ ಗುಡಿಸಿ, ಒಂದು ಅಯಸ್ಕಾಂತವನ್ನು ದಾರ ಕಟ್ಟಿ ನೆಲದ ಮೇಲೆಲ್ಲ ಎಳೆದು ಆರಿಸುತ್ತಿದ್ದರು. ಡಬ್ಬಿಯ ಮೊಳೆ ಮೇಲಿತ್ತು, ಸರಿ. ಹಾರಿದ ಮೊಳೆಯ ಯೋಚನೆ ಯಾರಿಗೂ ಬರಲಿಲ್ಲ.

ಹನ್ನೆರಡನೆಯ ದಿನ, ಊಟದ ಹೊತ್ತು. ನಾನು ಏನೋ ಕೇಳಲು ಅವರ ಅಂಗಡಿಗೆ ಕಾಲಿಟ್ಟೆ. ಮೊಳೆಬಾಯಿ ಬಾಗಿಲ ಕಡೆ ಬೆನ್ನು ಹಾಕಿ ಕುರ್ಚಿಯೊಂದಕ್ಕೆ ಬಡಿಯುತ್ತಿದ್ದರು. ಫೋಮಿನ ಸುರುಳಿಯ ಹಿಂದಿನಿಂದಲೂ ಅದೇ ತಾಳದಲ್ಲಿ ಟಕ್, ಟಕ್ ಎಂಬ ಸಣ್ಣ ಸದ್ದು. ಬಗ್ಗಿ ನೋಡಿದೆ. ಇನ್‌ಸ್ಪೆಕ್ಟರಮ್ಮ ಒಂದು ಮೆತ್ತೆಯ ತುಂಡನ್ನು ಮುಂದಿಟ್ಟುಕೊಂಡು, ಚಮಚವನ್ನು ಸುತ್ತಿಗೆ ಮಾಡಿಕೊಂಡು, ಕುಕ್ಕರಗಾಲಿನಲ್ಲಿ ಕೂತಿದ್ದಳು. ತುಟಿ ಬಿಗಿದಿತ್ತು. ಒಂದು ಕೆನ್ನೆ ಉಬ್ಬಿತ್ತು. ಎಡಗೈಯನ್ನು ಬಾಯಿಗೆ ಒಯ್ದು, ತುಟಿಯ ನಡುವಿನಿಂದ ಒಂದು ತುಕ್ಕು ಹಿಡಿದ ಮೊಳೆ ತೆಗೆದು, ಮೆತ್ತೆಯ ಮೇಲಿಟ್ಟು, ಟಕ್ ಎಂದು ಹೊಡೆದಳು. ಮತ್ತೆ ಕೈ ಬಾಯಿಗೆ ಹೋಯಿತು.

ನನ್ನ ಜೀವ ಬಾಯಿಗೆ ಬಂತು. ಚೀರಲು ಉಸಿರು ಎಳೆದುಕೊಂಡೆ. ಆ ಉಸಿರಿನ ಸದ್ದಿಗೇ ಮೊಳೆಬಾಯಿ ತಿರುಗಿದರು, ಕಂಡರು, ಮತ್ತು ನನ್ನ ಕಡೆ ಅಂಗೈ ಎತ್ತಿ ತಡೆದರು. ಆ ಕೈ ನೋಡಿ ನಾನು ಚೀತ್ಕಾರವನ್ನು ಹಾಗೇ ನುಂಗಿದೆ. ಮಗು ಬೆಚ್ಚಿ ಒಂದು ಉಸಿರು ಒಳಗೆಳೆದುಕೊಂಡರೆ ಮೊಳೆ ಎಲ್ಲಿಗೆ ಹೋಗುತ್ತದೆ ಎಂಬುದು ನನಗಿಂತ ಮೊದಲು ಅವರಿಗೆ ತಿಳಿದಿತ್ತು. ಅವರು ಅವಸರ ಮಾಡಲಿಲ್ಲ. ಸುತ್ತಿಗೆ ಕೆಳಗಿಟ್ಟು, ಮೆಲ್ಲಗೆ ಅವಳೆದುರು ನೆಲಕ್ಕೆ ಕೂತು, ನಕ್ಕರು. ತಮ್ಮ ಅಂಗೈಯನ್ನು ಗಲ್ಲದ ಕೆಳಗೆ ಹಿಡಿದು, ತಮ್ಮ ಬಾಯಿಂದ ಒಂದು ಮೊಳೆಯನ್ನು ನಾಲಿಗೆಯಿಂದ ತಳ್ಳಿ ಅಂಗೈಗೆ ಬೀಳಿಸಿದರು.

ಇನ್‌ಸ್ಪೆಕ್ಟರಮ್ಮ ಕಣ್ಣರಳಿಸಿ ನೋಡಿದಳು. ಅವರು ಇನ್ನೊಂದು ಬೀಳಿಸಿ, ಇನ್ನೊಂದು ಅಂಗೈಯನ್ನು ಅವಳ ಗಲ್ಲದ ಕೆಳಗೆ ಒಡ್ಡಿದರು. ಅವಳು ನಾಲಿಗೆ ಹೊರಗೆ ಮಾಡಿದಳು. ಒಂದು ಮೊಳೆ ಬಿತ್ತು. ಅವರದೊಂದು, ಅವಳದೊಂದು. ಅವರದೊಂದು, ಅವಳದೊಂದು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಎಣಿಸುತ್ತಿದ್ದೆ. ಐದರ ನಂತರ ಅವಳಿಗೆ ಬೇಜಾರಾಗಿ ಬೇರೆ ಕಡೆ ನೋಡಿದಳು. ಮೊಳೆಬಾಯಿ ನಗು ಬಿಡಲಿಲ್ಲ. ಅವರ ಹಣೆಯಿಂದ ಬೆವರು ಸುರಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. ಮೂರು ಮೊಳೆಯನ್ನು ಒಟ್ಟಿಗೆ ಸುರಿದು ತೋರಿಸಿದರು. ಅವಳಿಗೆ ಅದು ಭಾರಿ ಇಷ್ಟವಾಗಿ ತಾನೂ ಬಾಯಿ ಪೂರ್ತಿ ತೆರೆದು ಎಂಜಲ ಸಮೇತ ಉಳಿದದ್ದನ್ನೆಲ್ಲ ಸುರಿದಳು. ಒಟ್ಟು ಒಂಬತ್ತು. ಅವರು ಬಾಯೊಳಗೆ ಬೆರಳು ಹಾಕಿ ಕೆನ್ನೆ, ನಾಲಿಗೆಯಡಿ, ವಸಡು ಎಲ್ಲ ನೋಡಿ, ಆಮೇಲೆ ಅವಳನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತರು. ನಾನೂ ಅತ್ತೆ. ಮಗು ಮಾತ್ರ ಚಮಚಕ್ಕಾಗಿ ಕೈ ಚಾಚುತ್ತಿತ್ತು.

ಅವಳು ಬಾಯಿಗೆ ಹಾಕಿಕೊಂಡದ್ದು ಒಂಬತ್ತೋ ಹತ್ತೋ ಯಾರಿಗೆ ಗೊತ್ತು. ಅಂಗಡಿಯ ಬಾಗಿಲು ತೆರೆದಿಟ್ಟೇ ಸ್ಕೂಟರ್ ಹತ್ತಿ ಆಸ್ಪತ್ರೆಗೆ ಓಡಿದೆವು. ಎಕ್ಸ್‌ರೇ ತೆಗೆದರು. ಆ ಹತ್ತು ನಿಮಿಷ ನನಗೆ ಹತ್ತು ವರ್ಷ. ಅದೇ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿ, “ಏನೂ ಇಲ್ಲ, ಕ್ಲೀನ್ ಆಗಿದೆ,” ಎಂದರು. ಆಮೇಲೆ ಮೊಳೆಬಾಯಿಯ ಕಡೆ ತಿರುಗಿ ಕೇಳಿದರು, “ಇವಳು ಇದನ್ನ ಎಲ್ಲಿ ನೋಡಿದ್ಲು?”

ಮೊಳೆಬಾಯಿ ಉತ್ತರಿಸಲು ಬಾಯಿ ತೆರೆದರು. ಆಗ ಅವರಿಗೆ ಆ ಪ್ರಶ್ನೆಗೆ ತಾವೇ ಉತ್ತರ ಎಂಬುದು ಹೊಳೆಯಿತು. “ನನ್ನನ್ನ,” ಎಂದರು. “ದಿನಾ ನನ್ನನ್ನೇ ನೋಡಿದಾಳೆ ಡಾಕ್ಟ್ರೇ.”

ಮಗಳಿಗೆ ವಿಷಯ ಮುಚ್ಚಿಡಬಹುದಿತ್ತು. ಎಕ್ಸ್‌ರೇ ಶುದ್ಧವಾಗಿತ್ತು, ನೋಡಿದವಳು ನಾನೊಬ್ಬಳೇ, ಮೂರು ದಿನ ದೂಡಿದರೆ ಗಡುವು ಮುಗಿಯುತ್ತಿತ್ತು. ನಾನೇ ಆ ಮಾತು ಎತ್ತಿದೆ, ನಾಚಿಕೆಯಿಲ್ಲದವಳು. ಅವರು ಕೇಳಲಿಲ್ಲ. ಆಸ್ಪತ್ರೆಯಿಂದ ನೇರ ಲ್ಯಾಬಿಗೆ ಹೋಗಿ, ಒಂಬತ್ತು ಮೊಳೆಗಳನ್ನೂ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದನ್ನು ಮಗಳ ಮುಂದೆ ಬಿಚ್ಚಿ ಎಲ್ಲ ಹೇಳಿದರು. ಅವಳು ಬೈಯಲಿಲ್ಲ. ಬಿಳಿ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ಮೊಳೆಗಳನ್ನೇ ನೋಡುತ್ತ ನಿಂತಳು. “ನಾನೂ ಚಿಕ್ಕವಳಿದ್ದಾಗ ನಿನ್ನ ಬಾಯಿಂದ ಮೊಳೆ ಬರೋದನ್ನ ನೋಡ್ತಾ ಕೂರ್ತಿದ್ದೆ ಅಪ್ಪ,” ಎಂದಳು. “ನನ್ನ ಪುಣ್ಯ, ಅಮ್ಮ ಪಕ್ಕದಲ್ಲಿರ್ತಿದ್ಲು. ನಾಳೆಯಿಂದ ಇವಳನ್ನ ಕರ್ಕೊಂಡು ಬರಲ್ಲ.”

ಮರುದಿನ ತೂತಿನಿಂದ ನೋಡಿದರೆ ಮೊಳೆಬಾಯಿ ಒಂದು ಬಟ್ಟಲಲ್ಲಿ ಮೊಳೆ ಸುರಿದುಕೊಂಡು ಕೂತಿದ್ದರು. ಬಟ್ಟಲಿನಿಂದ ಒಂದೊಂದೇ ಆರಿಸುವಾಗ ಮೊಳೆ ಚುಚ್ಚುವುದು, ಕೈ ಜಾರುವುದು, ಸುತ್ತಿಗೆ ಹೆಬ್ಬೆರಳಿಗೆ ಬೀಳುವುದು. ಒಂದು ಕುರ್ಚಿಗೆ ಮುಕ್ಕಾಲು ಗಂಟೆ. ಎಂದೂ ಮಾತು ತಪ್ಪದವರು ಸಭಾಂಗಣದವರಿಗೆ ಫೋನು ಮಾಡಿ ಕೆಲಸ ತಡವಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅದಕ್ಕಿಂತ ಕಷ್ಟ ನಾಲಿಗೆಯದು. ಅದಕ್ಕೆ ಕೆಲಸವಿಲ್ಲದೆ ಚಡಪಡಿಕೆ. ಮರೆತು ಕೈ ಮೊಳೆ ಹಿಡಿದು ತುಟಿಯವರೆಗೂ ಹೋಗಿಬಿಡುತ್ತಿತ್ತು. ಒಮ್ಮೆ ಕೋಟಿನ ಗುಂಡಿಯೊಂದನ್ನು ಬಾಯಲ್ಲಿಟ್ಟುಕೊಂಡು ಸಿಕ್ಕಿಬಿದ್ದರು.

ನನಗೆ ಆಗ ಹುಮ್ಮಸ್ಸು ಬಂತು. ಡಾಕ್ಟರು ಮಗುವಿಗೆ ಹೇಳಿದ್ದನ್ನೆಲ್ಲ ಈ ದೊಡ್ಡ ಮಗುವಿನ ಮೇಲೆ ಪ್ರಯೋಗಿಸಿದೆ. ಕೂಗಾಡಲಿಲ್ಲ, ನಗಲಿಲ್ಲ (ಇದು ನನಗೆ ಎಷ್ಟು ಕಷ್ಟವಾಗಿರಬೇಕು ಊಹಿಸಿಕೊಳ್ಳಿ). ಹಲಗೆಗೆ ಒಮ್ಮೆ ತಟ್ಟುವುದು, ಒಳಗೆ ಹೋಗುವುದು, ಸದ್ದಿಲ್ಲದೆ ಅಂಗೈ ಒಡ್ಡುವುದು. ಅವರು ತಪ್ಪಿತಸ್ಥರಂತೆ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳುವರು. ಬದಲಿಗೆ ಒಂದು ಬಟ್ಟಲು ಒಣದ್ರಾಕ್ಷಿ ಇಟ್ಟು ಬರುವೆ.

“ಗಾಜಮ್ಮ, ನಾನೇನು ಎಳೇ ಕೂಸಾ?”

“ಕೂಸಾದ್ರೆ ಎರಡು ವಾರ ಸಾಕಾಗ್ತಿತ್ತು ಅಣ್ಣ. ನೀವು ಮರ. ಬಗ್ಗೋಕೆ ಟೈಮು ಬೇಕು.”

ಒಂದು ದಿನ ಹಾಳಾದ ಹಳೆಯ ಸ್ಪೀಕರೊಂದನ್ನು ಬಿಚ್ಚಿ, ಅದರ ಹಿಂದಿನ ಬಿಲ್ಲೆಯಂಥ ಅಯಸ್ಕಾಂತವನ್ನು ಅವರ ಮೇಜಿನ ಮೇಲಿಟ್ಟೆ. ಮುಂದಿನದೆಲ್ಲ ಅವರ ತಲೆ. ದಪ್ಪ ರೆಕ್ಸಿನ್ನಿನ ಮೂರು ಪದರದೊಳಗೆ ಅದನ್ನು ಕೂರಿಸಿ, ನಾಲ್ಕು ಕಡೆ ಬಿಗಿಯಾಗಿ ಹೊಲಿದು, ಎಡ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ ಮಾಡಿದರು. ಒಂದು ಹಿಡಿ ಮೊಳೆ ಅದರ ಮೇಲೆ ಸುರಿದರೆ ಒಂದೂ ಬೀಳದೆ ಕಚ್ಚಿಕೊಂಡು ನಿಂತವು. ಮಣಿಕಟ್ಟು ಕಣ್ಣಿನ ಮುಂದೆಯೇ, ಬಲಗೈಯ ಎರಡು ಬೆರಳಿನಿಂದ ಕಿತ್ತು, ಎಡಗೈಗೆ ಕೊಟ್ಟು, ಟಕ್. ಆ ದಿನ ಕುರ್ಚಿಗೆ ಇಪ್ಪತ್ತು ನಿಮಿಷ. ಮುಂದಿನ ವಾರ ಹನ್ನೆರಡು. ಹಳೆಯ ವೇಗ ಬರಲಿಲ್ಲ, ಬರುವುದೂ ಇಲ್ಲ. ಹಳೆಯ ಮೊಳೆ ಕೀಳುವ ಕೆಲಸವನ್ನು ಹಿಂದಿನ ಕೋಣೆಗೆ ಸಾಗಿಸಿ, ಕೋಣೆಗೆ ಒಂದು ಗೇಟು ಹಾಕಿ ಚಿಲಕ ಇಟ್ಟರು. ಮಗು ಬಾರದಿದ್ದರೂ ದಿನಕ್ಕೆ ಮೂರು ಸಲ ಅಯಸ್ಕಾಂತ ಎಳೆದು ನೆಲ ನೋಡುತ್ತಿದ್ದರು. ಮಗಳಿಗೆ ಅವರು ಒಂದು ಮಾತು ಹೇಳಲಿಲ್ಲ, ಬೇಡಲಿಲ್ಲ.

ಹೇಳಿದವಳು ನಾನು. ಲ್ಯಾಬಿಗೆ ಹೋಗಿ, ರಕ್ತ ಕೊಡುವ ನೆಪದಲ್ಲಿ ತೋಳು ಚಾಚಿ ಕೂತು, ಎಲ್ಲ ಒಪ್ಪಿಸಿದೆ. ಡಾಕ್ಟರ ಮುಂದೆ ನಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದೆ. ಅವಳು ಸೂಜಿ ತೆಗೆದು ಹತ್ತಿ ಒತ್ತಿ, “ನೀವು ಅವತ್ತೇ ಹೇಳ್ಬೇಕಿತ್ತು ಆಂಟಿ,” ಎಂದಳು. “ಶಿಶುವಿಹಾರದಲ್ಲೂ ಅದೇ ಆಟ ಆಡ್ತಾಳಂತೆ. ಸಿಕ್ಕಿದ್ದನ್ನ ತುಟೀಲಿಟ್ಕೊಂಡು, ಒಂದೊಂದೇ ತೆಗೆದು ಬಡೀತಾಳಂತೆ. ಹೇಗೆ ಬಿಡಿಸೋದು ಅಂತ ಅವರಿಗೂ ಗೊತ್ತಾಗ್ತಿಲ್ಲ.” ಬರುತ್ತೇನೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಹೇಳದೆ ಕೇಳದೆ, ಅವಳು ಮಗುವಿನೊಂದಿಗೆ ಬಂದಳು. ಕೆದರಿದ ಕೂದಲು ಮುಖಕ್ಕೆ ಬೀಳುತ್ತಿತ್ತು. ಮೊಳೆಬಾಯಿ ನೂರಾ ಹದಿನೇಳನೆಯ ಕುರ್ಚಿಯಲ್ಲಿದ್ದರು. ಮಗುವನ್ನು ಕಂಡು ಎದ್ದರು, ಓಡಿ ಎತ್ತಿಕೊಳ್ಳಬೇಕೆನಿಸಿದ್ದು ನನಗೆ ಇಲ್ಲಿಂದಲೇ ಕಾಣಿಸಿತು. ಆದರೆ ಮಗಳ ಮುಖ ನೋಡಿ ಮತ್ತೆ ಕೂತರು. ಕೂತು ಕೆಲಸ ಮುಂದುವರಿಸಿದರು. ನಾನು ತೂತಿಗೆ ಅಂಟಿಕೊಂಡೆ.

ಇನ್‌ಸ್ಪೆಕ್ಟರಮ್ಮ ತಾಯಿಯ ಕೈ ಬಿಟ್ಟು ತಾತನ ಹತ್ತಿರ ನಡೆದಳು. ಅವರ ಬಾಯಿಯನ್ನೇ ನೋಡಿದಳು. ಒಂದು ಮೊಳೆಯೂ ಬರಲಿಲ್ಲ. ಅವಳಿಗೆ ಸಿಟ್ಟು ಬಂತು. ಅವರ ಕೆಳತುಟಿ ಹಿಡಿದು ಎಳೆದು, ಪುಟ್ಟ ಬೆರಳು ಒಳಗೆ ತೂರಿಸಿ, ಈ ಕೆನ್ನೆ, ಆ ಕೆನ್ನೆ, ನಾಲಿಗೆಯ ಕೆಳಗೆ ಪೂರ್ತಿ ಹುಡುಕಿದಳು. ಮುದುಕರು ಅಲುಗಾಡದೆ ಬಾಯಿ ತೆರೆದು ಕೂತಿದ್ದರು, ಕಣ್ಣಿಂದ ನೀರು ಧಾರಾಕಾರ. ಹುಡುಕಿ ಮುಗಿಸಿದವಳು ತಾಯಿಯ ಕಡೆ ತಿರುಗಿ ಕೈ ಆಡಿಸಿ, “ಇಲ್ಲ,” ಎಂದಳು.

ಆಮೇಲೆ ಮಣಿಕಟ್ಟಿನ ಪಟ್ಟಿ ಕಣ್ಣಿಗೆ ಬಿತ್ತು. ಮೊಳೆಗಳು ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಮೊಳೆಬಾಯಿ ತಕ್ಷಣ ಅವನ್ನೆಲ್ಲ ಬಳಿದು ಎತ್ತರದ ಬಟ್ಟಲಿಗೆ ಹಾಕಿ, ಖಾಲಿ ಪಟ್ಟಿಯನ್ನು ಅವಳ ಮುಂದೆ ಹಿಡಿದರು. ಅವಳು ಅದನ್ನು ಮುಟ್ಟಿದಳು. ಮೂಸಿದಳು. ಬಗ್ಗಿದಳು, ನೆಕ್ಕುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅವಳು ಸುಮ್ಮನೆ ನಿಂತು ಯೋಚಿಸುತ್ತಿದ್ದಳು, ಮೊದಲ ದಿನ ಸೋಫಾದ ಕಾಲಿನ ಮುಂದೆ ನಿಂತಿದ್ದಂತೆ. ಆಮೇಲೆ ತನ್ನ ಬಾಯೊಳಗೆ ಎರಡು ಬೆರಳು ಹಾಕಿ ಏನನ್ನೋ ಹೊರತೆಗೆದಳು. ಕಪ್ಪು ಹೇರ್‌ಪಿನ್. ದಾರಿಯುದ್ದಕ್ಕೂ ಅದನ್ನು ಕೆನ್ನೆಯಲ್ಲಿಟ್ಟುಕೊಂಡೇ ಬಂದಿದ್ದಳು, ಲ್ಯಾಬಿನಲ್ಲಿ ಕ್ರಿಮಿಯನ್ನೂ ಬಿಡದೆ ಹುಡುಕುವ ತಾಯಿಗೆ ತಿಳಿದೇ ಇರಲಿಲ್ಲ. ಅವಳು ಅದನ್ನು ಪಟ್ಟಿಯ ಹತ್ತಿರ ತಂದಳು. ಪಿನ್ನು ಅವಳ ಬೆರಳಿನಿಂದ ಹಾರಿ ಪಟ್ಟಿಗೆ ಅಂಟಿಕೊಂಡಿತು.

ಅವಳು ಕಿತ್ತಳು, ಮತ್ತೆ ಬಿಟ್ಟಳು, ಮತ್ತೆ ಹಾರಿತು. ಕೇಕೆ ಹಾಕಿ, ಎರಡೂ ಕಾಲು ಎತ್ತಿ ಕುಣಿದಳು. ಹತ್ತು ಸಲ, ಹದಿನೈದು ಸಲ. ಒಂದು ಸಲವೂ ಅದನ್ನು ಬಾಯಿಗೆ ಒಯ್ಯಲಿಲ್ಲ.

ಮಗಳು ತನ್ನ ತಲೆ ಮುಟ್ಟಿ ನೋಡಿಕೊಂಡಳು. ಪಿನ್ನು ಇರಬೇಕಾದ ಜಾಗ ಖಾಲಿ. ಕುರ್ಚಿಗಳ ನಡುವೆ ನೆಲಕ್ಕೇ ಕುಸಿದು ಕೂತು, ಕೆದರಿದ ಕೂದಲಲ್ಲೇ ಅಪ್ಪನ ಭುಜಕ್ಕೆ ತಲೆ ಆನಿಸಿದಳು. “ನನ್ನ ಕಣ್ಣೆದುರೇ ಬಾಯಿಗೆ ಹೋಗಿದೆ ಅಪ್ಪ. ನನಗೇ ಗೊತ್ತಾಗ್ಲಿಲ್ಲ,” ಎಂದಳು. ಮೊಳೆಬಾಯಿ ಅವಳ ಹಣೆಯ ಕೂದಲು ಸರಿಸಿದರು. ಅವಳೇ ಕೇಳಿದಳು, “ಸೋಮವಾರ ಎಷ್ಟು ಗಂಟೆಗೆ ಬಾಗಿಲು ತೆಗೀತೀಯಾ?”

ಮುದುಕರು ಬಾಯಿ ತೆರೆಯುವವರೆಗೆ ಕಾಯಲು ನನ್ನಿಂದಾಗಲಿಲ್ಲ. ನಾನು ಹಲಗೆಯ ಈ ಕಡೆಯಿಂದಲೇ ಹೇಳಿದೆ, “ಏಳೂವರೆಗೇ ತೆಗೀತಾರೆ. ನೀನು ಕರ್ಕೊಂಡು ಬಾ.”